ಬಾಲಮಂದಿರದ ಹೊರಗೆ ನಿಂತ ಹೆತ್ತವರು

ಸಾಕು ಕುಟುಂಬಗಳ ಬಗ್ಗೆ, ಅಂದರೆ ಫಾಸ್ಟರ್ ಕೇರ್ ಬಗ್ಗೆ, ಇಲ್ಲಿ ಬರೆದಾಗಲೆಲ್ಲ ಬರುವ ಪತ್ರಗಳಲ್ಲಿ ಹೆಚ್ಚಿನವು ಮಗುವಿಗೆ ಮನೆ ಕೊಡಲು ಮುಂದಾಗುವವರದು. ಅರ್ಜಿ ಎಲ್ಲಿ ಹಾಕಬೇಕು, ಒಂಟಿ ಹೆಣ್ಣುಮಗಳಿಗೆ ಕೊಡುತ್ತಾರಾ, ಮುಂದೆ ದತ್ತು ತೆಗೆದುಕೊಳ್ಳಬಹುದಾ ಎಂದೆಲ್ಲ ಕೇಳುತ್ತಾರೆ. ಒಳ್ಳೆಯ ಮನಸ್ಸಿನಿಂದ ಬಂದ ಪ್ರಶ್ನೆಗಳೇ. ನಡುನಡುವೆ ಬೇರೊಂದು ಬಗೆಯ ಪತ್ರವೂ ಬರುತ್ತದೆ. ಅದನ್ನು ಬರೆಯುವವರು ಮಗುವಿನ ಹೆತ್ತವರಲ್ಲ. ಸರ್ಕಾರಿ ಶಾಲೆಯ ಮೇಷ್ಟ್ರು, ಸ್ತ್ರೀಶಕ್ತಿ ಸಂಘದ ಗೆಳತಿ, ಊರಿನಲ್ಲಿರುವ ಸೋದರಮಾವ, ಮನೆಗೆಲಸಕ್ಕೆ ಬರುವವಳ ಪರವಾಗಿ ಆ ಮನೆಯಾಕೆ. ಅವರೆಲ್ಲ ಕೇಳುವುದು ಒಂದನ್ನೇ: ಇವಳ ಮಕ್ಕಳನ್ನು ಬಾಲಮಂದಿರಕ್ಕೆ ಹಾಕಿದ್ದಾರೆ, ಯಾರಿಗೋ ಸಾಕಲು ಕೊಡುತ್ತಾರಂತೆ, ಇವಳು ಊಟ ಬಿಟ್ಟು ಕೂತಿದ್ದಾಳೆ, ನಾವೇನು ಮಾಡಬಹುದು?

ಮಾಡಬಹುದಾದದ್ದು ಬಹಳ ಇದೆ. ಅದನ್ನು ಹೇಳುವ ಮುನ್ನ ಆ ಹೆತ್ತವರು ಯಾರು ಎಂಬುದನ್ನು ಹೇಳಬೇಕು. ಏಕೆಂದರೆ ಮಗುವನ್ನು ಕಳೆದುಕೊಂಡ ತಾಯ್ತಂದೆ ಎಂದರೆ ನಮ್ಮ ಕಣ್ಣಿಗೆ ಮೊದಲು ಬರುವುದು ಕ್ರೂರಿಯ ಚಿತ್ರ. ಕೆಲವು ಕಾಲ ಒಂದು ಸ್ವಯಂಸೇವಾ ತಂಡದ ಜೊತೆ ಮಕ್ಕಳ ಕಲ್ಯಾಣ ಸಮಿತಿಯ ಕೊಠಡಿಯ ಹೊರಗಿನ ಬೆಂಚಿನ ಮೇಲೆ ಇಂಥವರ ಪಕ್ಕ ಕೂತಿದ್ದೇನೆ. ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಬಂದವರು, ತಾವು ಸಿಮೆಂಟು ಹೊರುವಾಗ ಮಗು ದಾರಿತಪ್ಪಿ ಬಸ್ ನಿಲ್ದಾಣದಲ್ಲಿ ಸಿಕ್ಕಿತ್ತು. ಗಂಡನ ಹೊಡೆತ ತಾಳದೆ ರಾತ್ರೋರಾತ್ರಿ ಹೊರಬಿದ್ದು, ಮಕ್ಕಳನ್ನು ಎಲ್ಲಿ ಮಲಗಿಸುವುದೆಂದು ತಿಳಿಯದೆ ರೈಲ್ವೆ ಸ್ಟೇಷನ್ನಿನಲ್ಲಿ ಕೂತಿದ್ದವಳು. ಹೆರಿಗೆಯ ನಂತರ ಮನಸ್ಸಿನ ಸ್ವಾಸ್ಥ್ಯ ಕೆಟ್ಟು, ಅದಕ್ಕೆ ಔಷಧಿ ಇದೆಯೆಂದೇ ಗೊತ್ತಿಲ್ಲದವಳು. ಕುಡಿತಕ್ಕೆ ಬಿದ್ದ ಅಪ್ಪ, ಹೆಂಡತಿ ಸತ್ತ ಮೇಲೆ ಮೂರು ಮಕ್ಕಳಿಗೆ ಅನ್ನ ಬೇಯಿಸಿ ಹಾಕಲಾಗದೆ ಸೋತವನು. ಕ್ರೂರಿಗಳೂ ಇದ್ದರು, ಇಲ್ಲವೆನ್ನುವುದಿಲ್ಲ. ಆದರೆ ಆ ಬೆಂಚಿನ ಮೇಲೆ ಕೂತವರಲ್ಲಿ ಹೆಚ್ಚಿನವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇರುತ್ತಿತ್ತು. ಅದರೊಳಗೆ ಆಧಾರ್ ಕಾರ್ಡು, ರೇಷನ್ ಕಾರ್ಡು, ಮಗುವಿನ ಒಂದು ಫೋಟೊ, ಅದಕ್ಕಿಷ್ಟವಾದ ಬಿಸ್ಕತ್ತಿನ ಪೊಟ್ಟಣ. ಒಳಗೆ ಏನು ನಡೆಯುತ್ತದೆ ಎಂಬುದು ಅವರಿಗೆ ಗೊತ್ತಿರುತ್ತಿರಲಿಲ್ಲ. ಮಗುವನ್ನು ಜೈಲಿಗೆ ಹಾಕಿದ್ದಾರೆಂದು ನಂಬಿದವರಿದ್ದರು. ಸರ್ಕಾರ ಮಗುವನ್ನು ಮಾರಿಬಿಡುತ್ತದೆ ಎಂದು ಯಾರೋ ಹೆದರಿಸಿ ಕಳಿಸಿದ್ದವರೂ ಇದ್ದರು.

ನಿಜಕ್ಕೂ ಕಾನೂನು ಹೇಳುವುದು ಇದಕ್ಕೆ ತೀರ ವಿರುದ್ಧವಾದದ್ದನ್ನು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ಪಾಲನೆ ಮತ್ತು ರಕ್ಷಣೆ ಬೇಕಾದ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ ಆ ಸಮಿತಿಗೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. ಮನೆಯ ಸ್ಥಿತಿಗತಿಯ ಸಾಮಾಜಿಕ ತನಿಖೆ 15 ದಿನಗಳಲ್ಲಿ ಮುಗಿಯಬೇಕು, ಅಂತಿಮ ಆದೇಶ ನಾಲ್ಕು ತಿಂಗಳಲ್ಲಿ ಆಗಬೇಕು. ಮಗುವನ್ನು ಸಂಸ್ಥೆಯಲ್ಲಿಡುವುದು ಕೊನೆಯ ದಾರಿ ಎಂಬುದು ಕಾಯ್ದೆಯ ಮೂಲತತ್ವಗಳಲ್ಲೊಂದು. 40ನೇ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಗುವನ್ನು ಮರಳಿ ಕುಟುಂಬಕ್ಕೆ ಸೇರಿಸುವುದೂ ಅದರ ರಕ್ಷಣೆಯೂ ಬಾಲಮಂದಿರಗಳ ಪ್ರಧಾನ ಉದ್ದೇಶ ಎನ್ನುತ್ತದೆ. ಮಗುವನ್ನು ಸಾಕು ಕುಟುಂಬಕ್ಕೆ ಕೊಟ್ಟರೂ ಹೆತ್ತವರ ಕೊಂಡಿ ಕಳಚುವುದಿಲ್ಲ. ಸಾಕು ಕುಟುಂಬದಲ್ಲಿರುವ ಮಗುವನ್ನು ತಾಯ್ತಂದೆ ನಿಯಮಿತವಾಗಿ ನೋಡಬಹುದು, ಬೇಡವೆಂದರೆ ಸಮಿತಿ ಅದಕ್ಕೆ ಕಾರಣ ಬರೆದಿಡಬೇಕು, ಹೆತ್ತವರು ಸಮರ್ಥರೆಂದು ಕಂಡಾಗ ಮಗು ಅವರ ಮನೆಗೆ ಹಿಂದಿರುಗಬಹುದು ಎಂದು 44ನೇ ಕಲಮಿನಲ್ಲೇ ಇದೆ. ಇದನ್ನು ಆ ಬೆಂಚಿನ ಮೇಲೆ ಕೂತವರಿಗೆ ಬಿಡಿಸಿ ಹೇಳಿದಾಗ ಅವರ ಮುಖ ಬದಲಾಗುವುದನ್ನು ನೋಡಿದ್ದೇನೆ. ಬಾಗಿಲು ಮುಚ್ಚಿಲ್ಲ ಎಂದು ತಿಳಿದ ಮನುಷ್ಯ ಎದ್ದು ನಿಲ್ಲುತ್ತಾನೆ.

ಕಾನೂನು ಇಷ್ಟು ಚೆನ್ನಾಗಿರುವಾಗ ತೊಡಕೇನು? ನನ್ನ ಅನುಭವದಲ್ಲಿ ತೊಡಕು ತೀರ ಸಣ್ಣದೆನ್ನಿಸುವ ಜಾಗದಲ್ಲಿದೆ: ಮಗುವನ್ನು ನೋಡಲು ಹೋಗುವುದರಲ್ಲಿ.

ಕೇಂದ್ರ ಸರ್ಕಾರ 2024ರಲ್ಲಿ ಫಾಸ್ಟರ್ ಕೇರ್‌ನ ಮಾದರಿ ಮಾರ್ಗಸೂಚಿಯನ್ನು ಪರಿಷ್ಕರಿಸಿತು. ಸಂಸ್ಥೆಗಳಲ್ಲಿರುವ, ಯಾರೂ ನೋಡಲು ಬಾರದ ಮಕ್ಕಳನ್ನೂ ಅಸಮರ್ಥ ಹೆತ್ತವರ ಮಕ್ಕಳನ್ನೂ ಸಾಕು ಕುಟುಂಬಗಳಿಗೆ ಕೊಡುವುದಕ್ಕೆ ಅದು ದಾರಿ ಮಾಡಿತು. ಸಾಕಿದವರು ಆ ಮಗುವನ್ನು ದತ್ತು ತೆಗೆದುಕೊಳ್ಳಲು ಮೊದಲು ಐದು ವರ್ಷ ಕಾಯಬೇಕಿತ್ತು, ಈಗ ಎರಡು ವರ್ಷ ಸಾಕು. ವರ್ಷಗಟ್ಟಲೆ ಗೋಡೆಗಳ ನಡುವೆ ಬೆಳೆಯುವ, ನಿಜವಾಗಿಯೂ ಯಾರೂ ಇಲ್ಲದ ಮಗುವಿಗೆ ಇದು ಒಳ್ಳೆಯ ಬದಲಾವಣೆ. ನಾನು ಇದರ ಪರವಾಗಿದ್ದೇನೆ. ಆದರೆ ‘ಯಾರೂ ನೋಡಲು ಬಂದಿಲ್ಲ’ ಎಂಬ ಷರಾ ಒಂದು ತಾಯಿಯ ಬದುಕಿನಲ್ಲಿ ಎಷ್ಟು ದೊಡ್ಡ ಮಾತಾಗಬಲ್ಲದು ಎಂಬುದನ್ನು ಅದನ್ನು ಬರೆಯುವವರು ಯೋಚಿಸಬೇಕು.

ಯಾಕೆ ಬಂದಿಲ್ಲ? ಬಂದರೆ ಒಂದು ದಿನದ ಕೂಲಿ ಹೋಗುತ್ತದೆ. ಮೇಸ್ತ್ರಿ ಎರಡನೇ ಸಲ ರಜೆ ಕೇಳಿದರೆ ಬೇರೆಯವರನ್ನು ನೋಡಿಕೊಳ್ಳುತ್ತಾನೆ. ಮಡಿಲಲ್ಲಿ ಇನ್ನೊಂದು ಕೂಸಿದೆ. ಹಿಂದಿನ ಸಲ ಬಂದಾಗ ಭೇಟಿಯ ದಿನ ಇವತ್ತಲ್ಲ ಎಂದು ಗೇಟಿನಿಂದಲೇ ಕಳಿಸಿದ್ದರು. ಮಗು ಅತ್ತು ಕಾಲು ಕಟ್ಟಿಕೊಂಡಿತ್ತು, ಬಿಡಿಸಿಕೊಂಡು ಬರುವಾಗಿನ ಆ ನೋವನ್ನು ಮತ್ತೆ ತಿನ್ನಲಾರೆ ಎಂದು ತಾಯಿ ದೂರ ಉಳಿದಳು. ಅಪ್ಪ ಸೆರೆಮನೆಯಲ್ಲಿದ್ದಾನೆ. ಅಮ್ಮ ಆಸ್ಪತ್ರೆಯಲ್ಲಿದ್ದಾಳೆ. ಇವುಗಳಲ್ಲಿ ಯಾವುದೂ ಪ್ರೀತಿ ಬತ್ತಿದ್ದರ ಗುರುತಲ್ಲ, ಆದರೆ ಕಡತದಲ್ಲಿ ಎಲ್ಲವೂ ಒಂದೇ ಸಾಲಾಗಿ ಕಾಣುತ್ತದೆ. ನಮ್ಮ ರಾಜ್ಯದ ಶಕ್ತಿ ಯೋಜನೆ ಈ ವಿಷಯದಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಉಪಕಾರ ಮಾಡಿದೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಸಿಂಧನೂರಿನ ತಾಯಿಯೊಬ್ಬಳು ಈಗ ಬಸ್ ಚಾರ್ಜಿನ ಚಿಂತೆಯಿಲ್ಲದೆ ಬೆಂಗಳೂರಿನಲ್ಲಿರುವ ಮಗುವನ್ನು ನೋಡಬಹುದು. ಅಪ್ಪಂದಿರಿಗೆ ಆ ಅನುಕೂಲವಿಲ್ಲ. ಭೇಟಿಗೆ ಬರುವ ಬಡ ಹೆತ್ತವರಿಗೆ ದಾರಿಖರ್ಚನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕವೇ ಕೊಡುವಂತಾಗಬೇಕು, ಭೇಟಿಯ ದಿನ ಭಾನುವಾರವೂ ಇರಬೇಕು. ದೊಡ್ಡ ಹಣದ ಮಾತಲ್ಲ ಇದು. ಷರಾ ಬರೆಯುವ ಮೊದಲು ಒಬ್ಬರು ಆ ಊರಿಗೆ ಹೋಗಿ, ‘ಯಾಕಮ್ಮ ಬರಲಿಲ್ಲ?’ ಎಂದು ಕೇಳಿ ಬರಬೇಕು.

ಹೋಗದಿರುವುದಕ್ಕೆ ಇನ್ನೊಂದು ಕಾರಣವೂ ಇದೆ, ಅದು ನಾಚಿಕೆ. ಮಗು ತೀರಿಕೊಂಡರೆ ಊರಿಗೆ ಊರೇ ಮನೆಯ ಮುಂದೆ ಸೇರುತ್ತದೆ, ನೆರೆಮನೆಯವರು ಅನ್ನ ಸಾರು ತಂದಿಡುತ್ತಾರೆ. ಮಗುವನ್ನು ಸರ್ಕಾರ ಒಯ್ದರೆ ಅದೇ ನೆರೆಮನೆಯವರು ಮಾತು ನಿಲ್ಲಿಸುತ್ತಾರೆ. ಆ ತಾಯಿಗೆ ಅಳುವ ಹಕ್ಕೂ ಇಲ್ಲದಂತಾಗುತ್ತದೆ, ಏಕೆಂದರೆ ತಪ್ಪು ಅವಳದೇ ಎಂದು ಎಲ್ಲರೂ ತೀರ್ಮಾನಿಸಿಯಾಗಿದೆ. ಈ ದುಃಖ ಒಳಗೆ ಕೂತು ಹಲವು ರೂಪದಲ್ಲಿ ಹೊರಬರುತ್ತದೆ. ಒಬ್ಬಳು ಅಧಿಕಾರಿಯ ಮುಂದೆ ಕಿರುಚಾಡುತ್ತಾಳೆ, ‘ಈಕೆಗೆ ಸಿಟ್ಟು ಹಿಡಿತದಲ್ಲಿಲ್ಲ’ ಎಂದು ವರದಿಯಾಗುತ್ತದೆ. ಇನ್ನೊಬ್ಬಳು ಕಲ್ಲಿನಂತೆ ಕೂತಿರುತ್ತಾಳೆ, ‘ಮಗುವಿನ ಬಗ್ಗೆ ಆಸಕ್ತಿಯಿಲ್ಲ’ ಎಂದಾಗುತ್ತದೆ. ಕುಡಿಯುತ್ತಿದ್ದವನು ಇನ್ನಷ್ಟು ಕುಡಿಯುತ್ತಾನೆ. ಮಗುವನ್ನು ಒಯ್ದ ಮೊದಲ ವಾರಗಳಲ್ಲಿ ಮನುಷ್ಯರು ತಮ್ಮ ಅತ್ಯಂತ ಕೆಟ್ಟ ಸ್ಥಿತಿಯಲ್ಲಿರುತ್ತಾರೆ. ಅವರನ್ನು ಅಳೆಯುವುದೂ ಸರಿಯಾಗಿ ಆ ವಾರಗಳಲ್ಲೇ.

ಆದ್ದರಿಂದ ಪತ್ರ ಬರೆದು ಕೇಳುವವರಿಗೆ ನನ್ನ ಮೊದಲ ಮಾತು: ಅವಳ ಜೊತೆ ಕೂತುಕೊಳ್ಳಿ, ಮಗುವಿನ ಹೆಸರು ಹಿಡಿದು ಮಾತನಾಡಿ. ‘ಅಲ್ಲಿ ಹೊಟ್ಟೆತುಂಬ ಊಟ ಸಿಗುತ್ತದಲ್ಲ, ಇನ್ನೇನು ಬೇಕು’ ಎನ್ನಬೇಡಿ. ‘ನೀನು ಹಾಗೆ ಮಾಡದಿದ್ದರೆ ಹೀಗಾಗುತ್ತಿರಲಿಲ್ಲ’ ಎಂಬುದನ್ನೂ ಈಗ ಹೇಳಬೇಡಿ, ಅದನ್ನು ಅವಳು ತನಗೆ ತಾನೇ ರಾತ್ರಿಯಿಡೀ ಹೇಳಿಕೊಂಡಿರುತ್ತಾಳೆ.

ಎರಡನೆಯದು, ಜೊತೆಗೆ ಹೋಗಿ. ಸಮಿತಿಯ ಮುಂದೆ ಒಬ್ಬಳೇ ನಿಂತ ಅನಕ್ಷರಸ್ಥ ತಾಯಿಗೂ, ಪಕ್ಕದಲ್ಲಿ ಒಬ್ಬ ಮೇಷ್ಟ್ರನ್ನು ಕರೆತಂದ ತಾಯಿಗೂ ಇರುವ ವ್ಯತ್ಯಾಸವನ್ನು ಕಣ್ಣಾರೆ ಕಂಡಿದ್ದೇನೆ. ಮುಂದಿನ ವಿಚಾರಣೆಯ ದಿನ ಯಾವುದು ಎಂದು ಬರೆದುಕೊಳ್ಳಿ, ಆ ದಿನ ತಪ್ಪಿಸಬಾರದು. ಆದೇಶದ ಪ್ರತಿ ಕೇಳಿ ಪಡೆಯಿರಿ. ಭೇಟಿಗೆ ಅನುಮತಿ ಕೋರಿ ಕನ್ನಡದಲ್ಲೇ ಒಂದು ಅರ್ಜಿ ಬರೆದುಕೊಡಿ, ಅಣ್ಣತಂಗಿಯರಿದ್ದರೆ ಒಂದೇ ಕಡೆ ಇಡಬೇಕೆಂದು ಅದರಲ್ಲೇ ಕೇಳಿ. ಪ್ರತಿ ಭೇಟಿಯ ತಾರೀಕನ್ನೂ ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಡಿ. ಹೋಗಲಾಗದ ದಿನ ಕಾರಣ ತಿಳಿಸಿ ಫೋನ್ ಮಾಡಿಸಿ. ಮನೆ ನೋಡಲು ಸಮಾಜ ಕಾರ್ಯಕರ್ತರು ಬಂದಾಗ ನೆರೆಹೊರೆಯವರು ಹೇಳುವ ಎರಡು ಮಾತಿಗೂ ತೂಕವಿರುತ್ತದೆ. ತಾಯಿ ಚೆನ್ನಾಗಿ ನೋಡಿಕೊಳ್ಳುತ್ತಿದ್ದಳು ಎಂಬುದು ನಿಮಗೆ ಗೊತ್ತಿದ್ದರೆ ಬಾಯಿಬಿಟ್ಟು ಹೇಳಿ. ಎಳೆಗೂಸುಗಳ ವಿಷಯದಲ್ಲಂತೂ ತಡ ಮಾಡಲೇಬಾರದು. ಹೆತ್ತವರು ಯಾರೆಂದು ಪತ್ತೆಯಾಗದ ಎರಡು ವರ್ಷದೊಳಗಿನ ಮಗುವನ್ನು ಎರಡು ತಿಂಗಳಲ್ಲಿ, ಅದಕ್ಕಿಂತ ದೊಡ್ಡ ಮಗುವನ್ನು ನಾಲ್ಕು ತಿಂಗಳಲ್ಲಿ ದತ್ತಕಕ್ಕೆ ಮುಕ್ತವೆಂದು ಸಮಿತಿ ಘೋಷಿಸಬಹುದು. ಬೇರೆ ದಾರಿ ಕಾಣದೆ ಮಗುವನ್ನು ತಾವೇ ಒಪ್ಪಿಸಿದ ಹೆತ್ತವರಿಗೂ ಮನಸ್ಸು ಬದಲಿಸಲು ಎರಡು ತಿಂಗಳ ಕಾಲಾವಕಾಶವಿದೆ. ಇದು ಗೊತ್ತಿಲ್ಲದೆ ಮೂರನೇ ತಿಂಗಳಲ್ಲಿ ಓಡಿಬಂದ ಒಬ್ಬ ಹುಡುಗಿಯನ್ನು ಕಂಡಿದ್ದೇನೆ, ಅವಳ ಮುಖ ಮರೆಯಲಾಗಿಲ್ಲ.

ವಕೀಲರಿಗೆ ಕೊಡಲು ಹಣವಿಲ್ಲ ಎಂದು ಸುಮ್ಮನಾಗುವವರು ಬಹಳ. ಕಾನೂನು ಸೇವೆಗಳ ಪ್ರಾಧಿಕಾರದ ಕಾಯ್ದೆಯಲ್ಲಿ ಯಾವುದೇ ಹೆಣ್ಣುಮಗಳಿಗೆ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಪರಿಶಿಷ್ಟ ಜಾತಿ ಪಂಗಡದವರಿಗೂ ಹಾಗೆಯೇ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, 15100 ಸಂಖ್ಯೆಗೆ ಕರೆ ಮಾಡಿಯೂ ಕೇಳಬಹುದು. ಸಾಕು ಕುಟುಂಬಕ್ಕೆ ಕೊಟ್ಟ ಆದೇಶ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು.

ಇಷ್ಟೆಲ್ಲ ಮಾಡಿದರೂ ಮಗು ಯಾವ ಕಾರಣಕ್ಕೆ ಹೊರಗೆ ಹೋಯಿತೋ ಆ ಕಾರಣ ಮನೆಯಲ್ಲೇ ಉಳಿದಿದ್ದರೆ ಮಗು ಬರುವುದಿಲ್ಲ, ಬರಲೂಬಾರದು. ಕುಡಿತವಾದರೆ ಚಿಕಿತ್ಸೆ ಬೇಕು. ನಿಮ್ಹಾನ್ಸ್‌ನಲ್ಲಿ, ಧಾರವಾಡದ ಡಿಮ್ಹಾನ್ಸ್‌ನಲ್ಲಿ, ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯರ ಬಳಿ ಅದು ಸಿಗುತ್ತದೆ. ಚಿಕಿತ್ಸೆ ಪಡೆದ ಚೀಟಿಗಳನ್ನು ಜೋಪಾನ ಮಾಡಿ, ಸಮಿತಿಯ ಮುಂದೆ ಅವು ಸಾಕ್ಷಿ ಹೇಳುತ್ತವೆ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್‌ನ 14416 ಇದೆ. ಹೊಡೆಯುವ ಗಂಡನಿಂದ ಬಿಡಿಸಿಕೊಳ್ಳಲು 181, ಸಖಿ ಕೇಂದ್ರ. ಕೂಲಿಗೆ ಹೋಗುವಾಗ ಕೂಸನ್ನು ಎಲ್ಲಿ ಬಿಡುವುದೆಂಬುದೇ ತೊಂದರೆಯಾಗಿದ್ದರೆ ಗ್ರಾಮ ಪಂಚಾಯಿತಿಯ ಕೂಸಿನ ಮನೆಯನ್ನು ವಿಚಾರಿಸಿ.

ಬಡತನವೇ ಕಾರಣವಾದಾಗಿನ ಮಾತೇ ಬೇರೆ. ಬಡತನವೊಂದನ್ನೇ ಮುಂದಿಟ್ಟು ಮಗುವನ್ನು ಹೆತ್ತವರಿಂದ ಅಗಲಿಸಬಾರದು ಎಂದು ವಿಶ್ವಸಂಸ್ಥೆಯ ಮಹಾಸಭೆ 2009ರಲ್ಲಿ ಒಪ್ಪಿದ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ. ನಮ್ಮಲ್ಲಿ ಮಿಷನ್ ವಾತ್ಸಲ್ಯ ಅಡಿಯ ಪ್ರಾಯೋಜಕತ್ವ ಯೋಜನೆ ಇರುವುದು ಇದಕ್ಕೇ. ಮಗು ಮನೆಯಲ್ಲೇ ಬೆಳೆಯಲೆಂದು ತಿಂಗಳಿಗೆ 4,000 ರೂಪಾಯಿ ಕೊಡುತ್ತಾರೆ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಾದರೆ 72,000, ಉಳಿದೆಡೆ 96,000 ರೂಪಾಯಿ ಮೀರಿರಬಾರದು. ಗಂಡನಿಲ್ಲದವರಿಗೆ, ಗಂಡ ಬಿಟ್ಟುಹೋದವರಿಗೆ, ತೀವ್ರ ಕಾಯಿಲೆಯ ಹೆತ್ತವರಿಗೆ ಇದು ಅನ್ವಯಿಸುತ್ತದೆ. ಮಗುವನ್ನು ಒಯ್ಯುವ ಮೊದಲೇ ಈ ಹಣ ಮನೆ ತಲುಪಿದ್ದರೆ ಎಷ್ಟೋ ಮಕ್ಕಳು ಬಾಲಮಂದಿರದ ಮೆಟ್ಟಿಲೇ ಹತ್ತುತ್ತಿರಲಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ನ್ಯೂಯಾರ್ಕ್ ನಗರದ ಒಂದು ಪದ್ಧತಿಯನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಅಲ್ಲಿ ಮಕ್ಕಳು ಫಾಸ್ಟರ್ ಕೇರ್‌ಗೆ ಹೋದ ಹೆತ್ತವರ ಪರವಾಗಿ ಕೆಲಸ ಮಾಡುವ ಕೆಲವು ಕಾನೂನು ಕಚೇರಿಗಳು ವಕೀಲರ ಜೊತೆಗೆ ಒಬ್ಬ ಸಮಾಜ ಕಾರ್ಯಕರ್ತರನ್ನೂ, ಈ ದಾರಿಯಲ್ಲಿ ತಾವೇ ನಡೆದು ಬಂದ ಒಬ್ಬ ತಾಯಿಯನ್ನೋ ತಂದೆಯನ್ನೋ ಕೊಡುತ್ತವೆ. ‘ನನ್ನ ಮಗನನ್ನೂ ಒಯ್ದಿದ್ದರು, ನಾನು ಹೀಗೆ ಮಾಡಿ ಕರೆತಂದೆ’ ಎಂದು ಹೇಳಬಲ್ಲವರು ಅವರು. ಇಂಥ ತಂಡದ ನೆರವು ಸಿಕ್ಕ ಕುಟುಂಬಗಳನ್ನು ಒಬ್ಬ ವಕೀಲರ ನೆರವಷ್ಟೇ ಸಿಕ್ಕ ಕುಟುಂಬಗಳ ಜೊತೆ ಹೋಲಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ತಂಡದ ನೆರವಿದ್ದ ಮಕ್ಕಳು ಫಾಸ್ಟರ್ ಕೇರ್‌ನಲ್ಲಿ ಕಳೆದ ಕಾಲ ಸರಾಸರಿ ನಾಲ್ಕು ತಿಂಗಳಷ್ಟು ಕಡಿಮೆ. ಬೇಗ ಮನೆಗೆ ಬಂದುದರಿಂದ ಮಕ್ಕಳ ಸುರಕ್ಷತೆಗೆ ಕುಂದೂ ಆಗಲಿಲ್ಲ. ಪುಟ್ಟ ಮಗುವಿಗೆ ನಾಲ್ಕು ತಿಂಗಳು ಎಂದರೆ ಮೊದಲ ಹೆಜ್ಜೆ, ಮೊದಲ ಮಾತು ಎಲ್ಲ ಅದರೊಳಗೆ ಬಂತು. ನಮ್ಮಲ್ಲೂ ತಾಲ್ಲೂಕು ಮಟ್ಟದಲ್ಲಿ ಕಾನೂನು ಸೇವೆಗಳ ಅರೆಕಾನೂನು ಸ್ವಯಂಸೇವಕರಿದ್ದಾರೆ. ಅವರಲ್ಲಿ ಕೆಲವರನ್ನಾದರೂ ಈ ಕೆಲಸಕ್ಕೆಂದೇ ತಯಾರು ಮಾಡಿ, ಮಗುವನ್ನು ಮರಳಿ ಪಡೆದ ಹೆತ್ತವರನ್ನು ಅವರ ಜೊತೆ ಸೇರಿಸಿಕೊಂಡರೆ ಇದು ಕರ್ನಾಟಕದಲ್ಲಿ ಆಗದ ಕೆಲಸವೇನಲ್ಲ.

ಹೆತ್ತವರ ಪರ ಮಾತನಾಡಿದರೆ ಮಗುವಿನ ವಿರುದ್ಧ ಮಾತನಾಡಿದಂತೆ ಎಂದು ಕೆಲವರು ಆಕ್ಷೇಪಿಸುತ್ತಾರೆ. ಮಗುವಿನ ಮೈಮೇಲೆ ಬರೆ ಎಳೆದವರ, ಲೈಂಗಿಕ ದೌರ್ಜನ್ಯ ಮಾಡಿದವರ, ಅದನ್ನು ಕಂಡೂ ಬಾಯಿಮುಚ್ಚಿಸಿದವರ ಪರವಾಗಿ ನಾನು ಒಂದು ಅಕ್ಷರವನ್ನೂ ಬರೆಯುತ್ತಿಲ್ಲ. ಪೋಕ್ಸೊ ಪ್ರಕರಣದಲ್ಲಿ ಮಗುವಿನ ಹೇಳಿಕೆ ಬದಲಿಸಲು ನೆರವು ಕೇಳಿ ಬಂದವರಿದ್ದಾರೆ, ಅಂಥವರ ಜೊತೆ ಹೋಗಬೇಡಿ. ಮಗುವಿನ ಸುರಕ್ಷತೆಯೇ ಮೊದಲು. ಆದರೆ ಅಪಾಯ ಒಬ್ಬರಿಂದ ಬಂದಾಗ ಇನ್ನೊಬ್ಬರನ್ನು ದೂರವಿಡಬೇಕಿಲ್ಲ. ಅಪ್ಪ ತಪ್ಪಿತಸ್ಥನಾದರೆ ಅಮ್ಮನನ್ನು ಗಟ್ಟಿಮಾಡುವುದೇ ಮಗುವಿಗೆ ಕೊಡುವ ರಕ್ಷಣೆ. ಮನೆಗೆ ಎಂದೂ ಕಳಿಸಲಾಗದ ಮಗುವಿಗೂ, ಅಪಾಯವಿಲ್ಲದ ಕಡೆ, ಯಾರಾದರೊಬ್ಬರ ಕಣ್ಗಾವಲಿನಲ್ಲಿ ತನ್ನ ತಾಯಿಯನ್ನು ನೋಡುವುದರಿಂದ ಒಳಿತಾಗುವುದುಂಟು.

2011ರಲ್ಲಿ ನಾರ್ವೆಯ ಅಧಿಕಾರಿಗಳು ಬಂಗಾಳಿ ದಂಪತಿಯ ಇಬ್ಬರು ಮಕ್ಕಳನ್ನು ಫಾಸ್ಟರ್ ಕೇರ್‌ಗೆ ಒಯ್ದಾಗ ಇಡೀ ದೇಶ ಆ ತಾಯಿಯ ಹಿಂದೆ ನಿಂತಿತು. ವಿದೇಶಾಂಗ ಸಚಿವಾಲಯ ಮಾತುಕತೆಗಿಳಿಯಿತು. ಆ ಕಥೆಯನ್ನಾಧರಿಸಿ 2023ರಲ್ಲಿ ಬಂದ ‘ಮಿಸೆಸ್ ಚಟರ್ಜಿ ವರ್ಸಸ್ ನಾರ್ವೆ’ ನೋಡಿ ಕಣ್ಣೊರೆಸಿಕೊಂಡವರು ನನ್ನ ಓದುಗರಲ್ಲೇ ಬೇಕಾದಷ್ಟು ಜನರಿದ್ದಾರೆ. ಆ ಸಹಾನುಭೂತಿ ಸರಿಯಾದದ್ದೇ. ಸಿಂಧನೂರಿನ ತಾಯಿಗೂ ಅದು ಸಿಗಬೇಕು ಎಂಬುದಷ್ಟೇ ನನ್ನ ಕೋರಿಕೆ.

ಸಾಕು ಕುಟುಂಬದವರಿಗೂ ಒಂದು ಮಾತು. ನಿಮ್ಮ ಮನೆಗೆ ಬಂದ ಮಗುವಿನ ಮುಂದೆ ಅದರ ತಾಯಿಯನ್ನು ಹಳಿಯಬೇಡಿ. ಅವಳ ಫೋಟೊ ಇದ್ದರೆ ಮಗುವಿನ ಬಳಿ ಇರಲಿ. ಭೇಟಿ ಮುಗಿದ ಮೇಲೆ ಮಗು ರಚ್ಚೆ ಹಿಡಿಯುತ್ತದೆ, ಹಾಸಿಗೆ ಒದ್ದೆ ಮಾಡುತ್ತದೆ. ಅದನ್ನು ಕಂಡು ಭೇಟಿಯೇ ಬೇಡವೆಂದು ಬರೆದುಕೊಡುವ ಮನಸ್ಸಾಗುವುದು ಸಹಜ. ಅವಸರಪಡಬೇಡಿ, ಅಗಲಿಕೆಯ ನೋವು ಅದು, ಭೇಟಿಯ ಕೆಡುಕಲ್ಲ. ಮಗು ಮನೆಗೆ ಮರಳಿದ ಮೇಲೆ ಹೆತ್ತವರಿಗೂ ಇಂಥದ್ದೇ ದಿನಗಳು ಬರುತ್ತವೆ. ಅಮ್ಮನ ಕೈತುತ್ತನ್ನು ತಳ್ಳಿ ‘ನೀನು ಬಿಟ್ಟುಹೋದೆ’ ಎನ್ನುವ ಮಗುವಿನ ಎದುರು ತಾಯಿ ಕುಸಿಯುತ್ತಾಳೆ. ಮಗು ಬಂತಲ್ಲ, ಎಲ್ಲ ಮುಗಿಯಿತು ಎಂದು ಜೊತೆಗಿದ್ದವರು ಹಿಂದೆ ಸರಿಯುವುದೂ ಆಗಲೇ. ಆ ಕೆಲವು ತಿಂಗಳು ಬಿಟ್ಟುಹೋಗದಿರಿ.

ನಿಮ್ಮ ಮನೆಯಲ್ಲಿ, ಅಂಗಡಿಯಲ್ಲಿ, ತೋಟದಲ್ಲಿ ದುಡಿಯುವ ಯಾರಾದರೂ ಸಮಿತಿಯ ವಿಚಾರಣೆಗೋ ಮಗುವಿನ ಭೇಟಿಗೋ ಹೋಗಬೇಕು ಎಂದು ರಜೆ ಕೇಳಿದರೆ ಕೊಡಿ. ಆ ದಿನದ ಕೂಲಿ ಹಿಡಿಯಬೇಡಿ. ಬಿಡುವಿದ್ದರೆ ಅವರ ಜೊತೆ ನೀವೂ ಹೋಗಿಬನ್ನಿ.